ಬೋರ್ಡು ನಿಮ್ಮದು, ಬೀಗ ಯಾರದು?

ವೆಬ್‌ಸೈಟ್ ಮಾಡಿಸಲು ಹೊರಟ ಸಣ್ಣ ವ್ಯಾಪಾರಿ ಸಾಮಾನ್ಯವಾಗಿ ಮೂರು ಮಾತು ಕೇಳುತ್ತಾರೆ. ಎಷ್ಟಾಗುತ್ತದೆ? ಎಷ್ಟು ದಿನ ಬೇಕು? ಇದುವರೆಗೆ ಮಾಡಿದ್ದು ಏನಾದರೂ ಇದ್ದರೆ ತೋರಿಸಿ. ಮಾಟುಂಗದ ಹೋಟೆಲಿನವರಿರಲಿ, ಪುಣೆಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವವರಿರಲಿ, ಹೈದರಾಬಾದಿನ ಅಯ್ಯಂಗಾರ್ ಬೇಕರಿಯವರಿರಲಿ, ಪ್ರಶ್ನೆಗಳು ಇವೇ. ಡಿಸೈನರ್ ಕೊಡುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಪ್ಯಾಕೇಜ್ ಇದೆ ಸಾರ್. ಹೆಸರು, ಹೋಸ್ಟಿಂಗ್, ಇಮೇಲ್, ಗೂಗಲ್ ಎಲ್ಲ ನಾವೇ ನೋಡ್ಕೋತೀವಿ. ನೀವು ತಲೆ ಕೆಡಿಸ್ಕೋಬೇಡಿ.’

ಈ ಕೊನೆಯ ವಾಕ್ಯವೇ ನನ್ನ ತಕರಾರು. ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದೊಂದೇ. ಬಣ್ಣ, ಚಿತ್ರ, ಅಕ್ಷರದ ಗಾತ್ರ, ಪುಟಗಳ ಸಂಖ್ಯೆ ಇವೆಲ್ಲ ನಾಳೆ ಬದಲಾಯಿಸಬಹುದಾದ ಸಂಗತಿಗಳು. ಯಾವುದು ಯಾರ ಹೆಸರಿನಲ್ಲಿ ದಾಖಲಾಗುತ್ತದೆ ಎಂಬುದು ಮೊದಲ ದಿನವೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಅದನ್ನು ಬದಲಾಯಿಸಬೇಕಾದರೆ ಇನ್ನೊಬ್ಬರ ಒಪ್ಪಿಗೆ ಬೇಕು. ಆದ್ದರಿಂದ ಡಿಸೈನರನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟಾಗುತ್ತದೆ’ ಎಂಬುದಲ್ಲ. ‘ನಾಳೆ ನಾನು ನಿಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಬೇಕೆಂದರೆ ಏನೇನು ಕೈಗೆ ಕೊಡುತ್ತೀರಿ?’ ಎಂದು ಕೇಳಬೇಕು. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರು ಎಷ್ಟೇ ಚಂದದ ಕೆಲಸ ಮಾಡಲಿ, ನಿಮ್ಮ ಅಂಗಡಿಗೆ ತಕ್ಕವರಲ್ಲ.

ಮುಂಬೈಯ ಹೋಟೆಲ್ ಕಸುಬಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೋರ್ಡಿನ ಮೇಲಿನ ಹೆಸರು ಒಬ್ಬರದು, ಗಾಳಾ ಇನ್ನೊಬ್ಬರದು, ಲೈಸೆನ್ಸ್ ಮತ್ತೊಬ್ಬರದು, ಕಂಡಕ್ಟಿಂಗ್ ಮೇಲೆ ನಡೆಸುವವರು ನಾಲ್ಕನೆಯವರು ಎಂಬ ವ್ಯವಸ್ಥೆಯನ್ನು ಅವರು ಹುಟ್ಟಿದಾಗಿನಿಂದ ಕಂಡಿದ್ದಾರೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಒಂದೊಂದು ಸಾಲನ್ನೂ ವಕೀಲರಿಂದ ಓದಿಸುತ್ತಾರೆ. ಡಿಪಾಸಿಟ್ ಎಷ್ಟು, ವಾಪಸ್ ಯಾವಾಗ, ಪಾತ್ರೆ ಪಗಡ ಯಾರದು ಎಂದು ಪಟ್ಟಿ ಮಾಡಿ ಸಹಿ ಹಾಕಿಸುತ್ತಾರೆ. ಅದೇ ಮನುಷ್ಯ ವೆಬ್‌ಸೈಟ್ ವಿಚಾರಕ್ಕೆ ಬಂದಾಗ ಮಾತ್ರ ಒಂದು ವಾಟ್ಸಾಪ್ ಸಂದೇಶದ ಮೇಲೆ ಅಡ್ವಾನ್ಸ್ ಕಳಿಸುತ್ತಾರೆ. ಕಾರಣ, ವೆಬ್‌ಸೈಟ್ ಎಂದರೆ ಒಂದು ವಸ್ತು, ಕೊಂಡರೆ ಮುಗಿಯಿತು ಎಂಬ ಭಾವನೆ.

ಅದು ಒಂದು ವಸ್ತುವಲ್ಲ, ನಾಲ್ಕು. ಮೊದಲನೆಯದು ಹೆಸರು, ಅಂದರೆ ಡೊಮೇನ್. ಎರಡನೆಯದು ಜಾಗ, ಅಂದರೆ ಕಡತಗಳು ಇರುವ ಸರ್ವರ್. ಮೂರನೆಯದು ಆ ಜಾಗದಲ್ಲಿಟ್ಟಿರುವ ಸರಕು: ಕೋಡ್, ಬರಹ, ಫೋಟೋ, ಲೋಗೋ. ನಾಲ್ಕನೆಯದು ಹೊರಗಿನ ಖಾತೆಗಳು: ಗೂಗಲ್ ಬಿಸಿನೆಸ್ ಪ್ರೊಫೈಲ್, ಇಮೇಲ್, ಪೇಮೆಂಟ್ ಗೇಟ್‌ವೇ. ಈ ನಾಲ್ಕೂ ಬೇರೆ ಬೇರೆ ಕಡೆ, ಬೇರೆ ಬೇರೆ ಹೆಸರಿನಲ್ಲಿ ಇರಬಹುದು. ಪ್ಯಾಕೇಜ್ ಎಂಬ ಒಂದು ಪದ ಇವೆಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಗಂಟಿನ ತುದಿ ಮಾತ್ರ ಡಿಸೈನರ್ ಕೈಯಲ್ಲಿರುತ್ತದೆ.

ಹೆಸರಿನಿಂದಲೇ ಶುರು ಮಾಡೋಣ. ಡೊಮೇನನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ರಿಜಿಸ್ಟ್ರಾರ್ ಎಂಬ ಕಂಪನಿಯ ಮೂಲಕ ಅವಧಿಗೆ ನೋಂದಾಯಿಸಿ, ಕಾಲಕಾಲಕ್ಕೆ ನವೀಕರಿಸುತ್ತೇವೆ. ಸಾಮಾನ್ಯ ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಡಾಟ್ ಕಾಮ್ ಮುಂತಾದವುಗಳ ನಿಯಮಗಳನ್ನು ಐಕ್ಯಾನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ರೂಪಿಸುತ್ತದೆ. ನಮ್ಮ ಡಾಟ್ ಇನ್ ಹೆಸರುಗಳನ್ನೂ, ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ಹೆಸರುಗಳನ್ನೂ ನೋಡಿಕೊಳ್ಳುವುದು ನಿಕ್ಸಿ. ಈ ವ್ಯವಸ್ಥೆಯಲ್ಲೆಲ್ಲ ಹೆಸರಿನ ಮೇಲೆ ಅಧಿಕಾರ ಇರುವುದು ನೋಂದಣಿದಾರರಿಗೆ. ಹಣ ಯಾರ ಜೇಬಿನಿಂದ ಬಂತು, ಬೋರ್ಡಿನ ಮೇಲೆ ಯಾರ ಹೆಸರಿದೆ, ಅಂಗಡಿ ಎಷ್ಟು ವರ್ಷದ್ದು ಎಂಬುದನ್ನು ರಿಜಿಸ್ಟ್ರಾರ್ ಕೇಳುವುದಿಲ್ಲ. ಖಾತೆ ಯಾರದು, ಆ ಖಾತೆಯ ಇಮೇಲ್ ಯಾರದು ಎಂದಷ್ಟೇ ನೋಡುತ್ತಾರೆ.

ಬೇರೆ ರಿಜಿಸ್ಟ್ರಾರ್ ಕಡೆಗೆ ಹೆಸರನ್ನು ಒಯ್ಯಬೇಕಾದರೆ ಒಂದು ಗುಪ್ತಸಂಕೇತ ಬೇಕು. ಐಕ್ಯಾನ್ ನಿಯಮದ ಪ್ರಕಾರ ನೋಂದಣಿದಾರರು ಕೇಳಿದ 5 ದಿನಗಳೊಳಗೆ ರಿಜಿಸ್ಟ್ರಾರ್ ಅದನ್ನು ಕೊಡಬೇಕು. ಒಳ್ಳೆಯ ನಿಯಮವೇ. ಆದರೆ ನೋಂದಣಿದಾರರು ನಿಮ್ಮ ಡಿಸೈನರ್ ಆಗಿದ್ದರೆ ಈ ಹಕ್ಕು ಅವರದು, ನಿಮ್ಮದಲ್ಲ. ಅವರು ಊರು ಬಿಟ್ಟರೆ, ಕಸುಬು ಬಿಟ್ಟರೆ, ಫೋನ್ ಎತ್ತದಿದ್ದರೆ, ಅಥವಾ ನವೀಕರಣದ ಇಮೇಲ್ ನೋಡದೆ ಹೋದರೆ ಗಡಿಯಾರ ಓಡತೊಡಗುತ್ತದೆ. ಅವಧಿ ಮುಗಿದು, ರಿಜಿಸ್ಟ್ರಾರ್ ಕೊಡುವ ಗಡುವೂ ಮುಗಿದು ಡಾಟ್ ಕಾಮ್ ಹೆಸರು ಅಳಿಸಿಹೋದರೆ, ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಸಿಗುತ್ತದೆ. ಅದಾದ 5 ದಿನಕ್ಕೆ ಹೆಸರು ಬಯಲಿಗೆ ಬೀಳುತ್ತದೆ. ಹೀಗೆ ಬೀಳುವ ಹೆಸರುಗಳಿಗಾಗಿಯೇ ಕಾದು ಕುಳಿತು, ಬಿದ್ದ ಕ್ಷಣವೇ ಹಿಡಿದು ಮಾರುವ ದೊಡ್ಡ ವ್ಯಾಪಾರ ಜಗತ್ತಿನಲ್ಲಿದೆ. ಹೆಸರು ಹೋದರೆ ವೆಬ್‌ಸೈಟ್ ಒಂದೇ ಹೋಗುವುದಿಲ್ಲ. ಆ ಹೆಸರಿನ ಇಮೇಲ್‌ಗೆ ಬರುತ್ತಿದ್ದ ಆರ್ಡರು, ಬಿಲ್ಲು, ಬ್ಯಾಂಕಿನ ಪತ್ರ ಎಲ್ಲ ನಿಲ್ಲುತ್ತದೆ. ವಿಸಿಟಿಂಗ್ ಕಾರ್ಡು, ಪಾರ್ಸಲ್ ಡಬ್ಬ, ಡೆಲಿವರಿ ಗಾಡಿಯ ಮೇಲೆ ಅಚ್ಚಾದ ವಿಳಾಸ ಯಾರದೋ ಜಾಹೀರಾತು ಪುಟಕ್ಕೆ ದಾರಿಯಾಗುತ್ತದೆ.

‘ಕಾನೂನು ಇಲ್ಲವೇ?’ ಎಂದು ಕೇಳಬಹುದು. ಇದೆ. ಅದರ ಮುಖ್ಯ ತೀರ್ಪು ಬೆಂಗಳೂರಿನ ನ್ಯಾಯಾಲಯದಲ್ಲಿ ಹುಟ್ಟಿದ ಜಗಳದಿಂದಲೇ ಬಂದದ್ದು. ಸಿಫಿ ಎಂಬ ಹೆಸರಿನಲ್ಲಿ ಡೊಮೇನ್‌ಗಳನ್ನು ಹೊಂದಿದ್ದ ಸತ್ಯಂ ಇನ್ಫೋವೇ, ಹೆಚ್ಚುಕಡಿಮೆ ಅದೇ ಉಚ್ಚಾರದ ಡೊಮೇನ್ ಬಳಸುತ್ತಿದ್ದ ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಕಂಪನಿಯ ವಿರುದ್ಧ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ತಡೆಯಾಜ್ಞೆ ಸಿಕ್ಕಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆರವುಗೊಳಿಸಿತು, 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ಅದು ವ್ಯಾಪಾರದ ಗುರುತೂ ಹೌದು, ಟ್ರೇಡ್‌ಮಾರ್ಕಿಗೆ ಸಿಗುವಂಥ ರಕ್ಷಣೆ ಅದಕ್ಕೂ ಉಂಟು ಎಂಬುದು ಆ ತೀರ್ಪಿನ ಸಾರ.

ಓದಲು ಸಮಾಧಾನವಾಗುತ್ತದೆ. ಆದರೆ ಮೂರು ನ್ಯಾಯಾಲಯಗಳ ಮೆಟ್ಟಿಲು ಹತ್ತಿದ್ದು ಒಂದು ದೊಡ್ಡ ಇಂಟರ್ನೆಟ್ ಕಂಪನಿ. ಅದರ ಹೆಸರು ತಾನೇ ಹುಟ್ಟಿಸಿದ ಹೊಸ ಪದ. ನಮ್ಮ ಹೆಸರುಗಳು ಹಾಗಿಲ್ಲವಲ್ಲ. ಉಡುಪಿ, ಶ್ರೀಕೃಷ್ಣ, ಅಯ್ಯಂಗಾರ್, ಮಂಗಳೂರು, ಮೈಸೂರು, ಶಾಂತಿಸಾಗರ ಇಂಥ ಹೆಸರಿನ ಅಂಗಡಿಗಳು ಒಂದೊಂದು ನಗರದಲ್ಲೂ ಲೆಕ್ಕವಿಲ್ಲದಷ್ಟು. ‘ಈ ಹೆಸರು ಕೇಳಿದರೆ ಗಿರಾಕಿಗೆ ನಾನೇ ನೆನಪಾಗುತ್ತೇನೆ, ಇನ್ನಾರೂ ಅಲ್ಲ’ ಎಂದು ಉಡುಪಿ ಹೋಟೆಲಿನ ಮಾಲೀಕರು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಸುಲಭವಲ್ಲ. ಊರಿನ ಹೆಸರು, ದೇವರ ಹೆಸರು, ಸಮುದಾಯದ ಹೆಸರು ಇಟ್ಟುಕೊಂಡು ಬದುಕುವ ನಮ್ಮಂಥ ವ್ಯಾಪಾರಗಳಿಗೆ ಕಾನೂನಿನ ಕೊಡೆ ಚಿಕ್ಕದು. ಆದ್ದರಿಂದ ನೋಂದಣಿಯ ದಾಖಲೆಯಲ್ಲಿ ನಮ್ಮ ಹೆಸರು ಇರುವುದು ಇನ್ನಷ್ಟು ಮುಖ್ಯ.

ಎರಡನೆಯ ಗಂಟು ಕೋಡಿನದು. ‘ದುಡ್ಡು ಕೊಟ್ಟಿದ್ದೇನೆ, ಸೈಟು ನನ್ನದು’ ಎಂದು ಎಲ್ಲರೂ ತಿಳಿದಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಅದರ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು. ನೌಕರ ಬರೆದಿದ್ದರೆ ಅವನ ಸಂಸ್ಥೆ. ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಈ ಕಾಯ್ದೆಯ ಲೆಕ್ಕದಲ್ಲಿ ಸಾಹಿತ್ಯ ಕೃತಿಯೇ. ಹಣ ಕೊಟ್ಟು ತೆಗೆಸಿದ ಫೋಟೋಗೆ ವಿನಾಯಿತಿ ಇದೆ, ಬೇರೆ ಕರಾರು ಇಲ್ಲದಿದ್ದರೆ ಅದು ತೆಗೆಸಿದವರದು. ಸ್ವತಂತ್ರ ಡಿಸೈನರ್ ಬರೆದ ಕೋಡಿಗೆ ಆ ವಿನಾಯಿತಿ ಇಲ್ಲ. ಅಂದರೆ ನಿಮ್ಮ ಇಡ್ಲಿಯ ಫೋಟೋ ನಿಮ್ಮದು, ಅದನ್ನು ತೋರಿಸುವ ಪುಟದ ಕೋಡ್ ಡಿಸೈನರದು. ಬಳಸುವ ಅನುಮತಿ ನಿಮಗೆ ಇದೆ ಎಂದು ವಾದಿಸಬಹುದು, ಆದರೆ ಒಡೆತನ ಬೇರೆ ಮಾತು.

ಒಡೆತನ ನಿಮಗೆ ಬರಬೇಕಾದರೆ ಬರಹದಲ್ಲಿ, ಕೊಡುವವರ ಸಹಿಯೊಂದಿಗೆ ಬರಬೇಕು ಎನ್ನುತ್ತದೆ 19ನೇ ಕಲಮು. ಬಾಯಿಮಾತು ಸಾಲದು. ಅದರಲ್ಲೂ ಒಂದು ಸಣ್ಣ ಮುಳ್ಳಿದೆ. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ ಎಂದೂ, ಎಲ್ಲೆಲ್ಲಿ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ದುಬೈಗೂ ಸಿಂಗಪುರಕ್ಕೂ ಉಪ್ಪಿನಕಾಯಿ, ಸಾರಿನಪುಡಿ ಕಳಿಸುವ ಮನೆಗೆಲಸದ ಉದ್ದಿಮೆಗಳು ಈ ಸಾಲನ್ನು ಎರಡು ಸಲ ಓದಬೇಕು. ‘ಪೂರ್ಣ ಅವಧಿಗೆ, ಜಗತ್ತಿನಾದ್ಯಂತ’ ಎಂಬ ಮೂರು ಪದ ಸೇರಿಸಲು ಯಾವ ಖರ್ಚೂ ಇಲ್ಲ.

ಮೂರನೆಯದು ಜಾಗ. ಕೆಲವು ಡಿಸೈನರ್‌ಗಳು ತಮ್ಮದೇ ಆದ ಯಂತ್ರಾಂಗದ ಮೇಲೆ ಸೈಟ್ ಕಟ್ಟುತ್ತಾರೆ. ತಿಂಗಳಿಗಿಷ್ಟು ಬಾಡಿಗೆ, ಬಾಡಿಗೆ ನಿಂತ ದಿನ ಸೈಟೂ ನಿಲ್ಲುತ್ತದೆ, ಬೇರೆಡೆ ಒಯ್ಯಲು ಆಗುವುದಿಲ್ಲ. ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇಕಡ 40ಕ್ಕೂ ಹೆಚ್ಚು ನಡೆಯುತ್ತಿರುವುದು ವರ್ಡ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಅದು ಅತ್ಯುತ್ತಮ ಎಂದು ನಾನು ಹೇಳುತ್ತಿಲ್ಲ. ಅದರ ಗುಣ ಒಂದೇ: ಒಬ್ಬರು ಬಿಟ್ಟರೆ ಅದನ್ನು ಬಲ್ಲ ಇನ್ನೊಬ್ಬರು ಯಾವ ಊರಲ್ಲಾದರೂ ಸಿಗುತ್ತಾರೆ, ಇಡೀ ಸೈಟನ್ನು ಗಂಟು ಕಟ್ಟಿ ಬೇರೆ ಸರ್ವರಿಗೆ ಒಯ್ಯಬಹುದು. ನಾಲ್ಕು ಪುಟದ ಅಂಗಡಿಗೆ ಸರಳ ಎಚ್‌ಟಿಎಂಎಲ್ ಕಡತಗಳೂ ಸಾಕು. ಮುಖ್ಯ ಮಾತು, ಒಯ್ಯಲು ಬರುವಂತಿರಬೇಕು.

‘ಇಷ್ಟೆಲ್ಲ ಯಾಕೆ, ಇನ್‌ಸ್ಟಾಗ್ರಾಮ್ ಪುಟ, ಗೂಗಲ್ ಮ್ಯಾಪಿನಲ್ಲಿ ಒಂದು ಗುರುತು ಇದ್ದರೆ ಸಾಲದೇ?’ ಎಂಬ ವಾದ ಈಗ ಬಲವಾಗಿದೆ. ಗಿರಾಕಿ ತರುವುದಕ್ಕೆ ಅವು ಬೇಕು, ನಿಜ. ನೆಲೆ ನಿಲ್ಲುವುದಕ್ಕೆ ಅವು ಸಾಲವು. ಗೂಗಲ್ ಸಣ್ಣ ವ್ಯಾಪಾರಿಗಳಿಗೆ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಉಚಿತವಾಗಿ ಒಂದು ಪುಟ್ಟ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚಿನಲ್ಲಿ ಅವನ್ನೆಲ್ಲ ಮುಚ್ಚಿತು. ಆ ವಿಳಾಸ ಒತ್ತಿದವರನ್ನು ಆ ವರ್ಷದ ಜೂನ್ ತನಕ ಪ್ರೊಫೈಲಿಗೆ ಕಳಿಸಿತು, ಆಮೇಲೆ ಅದೂ ನಿಂತಿತು. ಗೂಗಲ್ ಮೋಸ ಮಾಡಿತು ಎನ್ನಲಾಗದು. ಅದರ ಜಾಗ, ಅದರ ಇಷ್ಟ. ಆದರೆ ಆ ವಿಳಾಸವನ್ನು ಡಬ್ಬದ ಮೇಲೆ ಅಚ್ಚು ಹಾಕಿಸಿದವರಿಗೆ ಹೋದದ್ದು ಹೋಯಿತು. ಸ್ವಂತ ಡೊಮೇನ್ ಇದ್ದವರು ಅದನ್ನು ಇನ್ನೊಂದು ಪುಟಕ್ಕೆ ತಿರುಗಿಸಿ ಮಾರನೆಯ ದಿನ ಅಂಗಡಿ ತೆರೆದರು.

ಆ ಗೂಗಲ್ ಪ್ರೊಫೈಲಿನಲ್ಲೂ ಓನರ್ ಮತ್ತು ಮ್ಯಾನೇಜರ್ ಎಂಬ ಬೇರೆ ಬೇರೆ ಪಾತ್ರಗಳಿವೆ. ವರ್ಷಗಟ್ಟಲೆ ಕೂಡಿಟ್ಟ ಗಿರಾಕಿಗಳ ರಿವ್ಯೂಗಳು, ಫೋನ್ ನಂಬರು, ತೆರೆಯುವ ಹೊತ್ತು ಎಲ್ಲವೂ ಪ್ರೈಮರಿ ಓನರ್ ಕೈಯಲ್ಲಿ. ಅಲ್ಲಿ ನಿಮ್ಮ ಜಿಮೇಲ್ ಇರಬೇಕು, ಡಿಸೈನರ್ ಮ್ಯಾನೇಜರ್ ಆಗಿರಲಿ. ಪ್ಯಾಕೇಜ್‌ನಲ್ಲಿ ಎಷ್ಟೋ ಸಲ ಇದು ತಿರುಗುಮುರುಗು.

ಇನ್ನು ಹಳೆಯ ಕೆಲಸ ತೋರಿಸುವ ಪದ್ಧತಿ. ಸಂತೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿದು ನಿಲ್ಲಿಸಿದ ಹಾಗೆ, ಡಿಸೈನರ್ ತೋರಿಸುವುದು ಹೊಸದಾಗಿ ಮಾಡಿದ, ಚೆನ್ನಾಗಿ ಕಾಣುವ ಸೈಟುಗಳನ್ನು. ನೀವು ಕೇಳಬೇಕಾದದ್ದು ಮೂರು ವರ್ಷ ಹಿಂದೆ ಮಾಡಿಕೊಟ್ಟ ಸೈಟು, ಅದರ ಮಾಲೀಕರ ಫೋನ್ ನಂಬರು. ಅವರಿಗೆ ಫೋನ್ ಮಾಡಿ, ‘ಚೆನ್ನಾಗಿದೆಯೇ’ ಎಂದು ಕೇಳಬೇಡಿ. ದೋಸೆಯ ದರ ಹತ್ತು ರೂಪಾಯಿ ಏರಿಸಿದರೆ ಸೈಟಿನಲ್ಲಿ ಯಾರು ಬದಲಾಯಿಸುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕೇ ಎಂದು ಕೇಳಿ. ಸೈಟಿನ ಪಾಸ್‌ವರ್ಡ್ ನಿಮ್ಮ ಹತ್ತಿರ ಇದೆಯೇ ಎಂದು ಕೇಳಿ. ಆ ಉತ್ತರಗಳು ಯಾವ ಪೋರ್ಟ್‌ಫೋಲಿಯೊದಲ್ಲೂ ಸಿಗುವುದಿಲ್ಲ.

ಕನ್ನಡದಲ್ಲೂ ಪುಟ ಬೇಕೆಂದವರು ಇನ್ನೊಂದು ಪರೀಕ್ಷೆ ಮಾಡಬಹುದು. 1991ರಿಂದಲೂ ಯೂನಿಕೋಡಿನಲ್ಲಿ ಕನ್ನಡವಿದೆ, ಉಚಿತ ಫಾಂಟುಗಳು ಬೇಕಾದಷ್ಟಿವೆ. ಆದರೂ ಕನ್ನಡದ ಮೆನುವನ್ನು ಚಿತ್ರವಾಗಿ ಅಂಟಿಸುವ, ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ತುರುಕುವ ಕೆಲಸ ನಿಂತಿಲ್ಲ. ಡಿಸೈನರ್ ತೋರಿಸಿದ ಕನ್ನಡ ಪುಟದಲ್ಲಿ ಒಂದು ಪದವನ್ನು ಒತ್ತಿ ಹಿಡಿದು ನಕಲು ಮಾಡಿ ನೋಡಿ. ನಕಲಾಗದಿದ್ದರೆ ಅದು ಹೆಚ್ಚಾಗಿ ಚಿತ್ರ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದು ಕಷ್ಟ, ಮತ್ತು ಒಂದು ಅಕ್ಷರ ತಿದ್ದಬೇಕಾದರೂ ಅವರಿಗೇ ಫೋನ್ ಮಾಡಬೇಕು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದರೆ, ಇಂಗ್ಲಿಷಿಗೆ ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದ್ದಾರೆ ಎಂದರ್ಥ.

ಡಿಸೈನರ್‌ಗಳ ಕಡೆಯ ಮಾತನ್ನೂ ಹೇಳಬೇಕು, ಅದು ಸುಳ್ಳಲ್ಲ. ಸಣ್ಣ ವ್ಯಾಪಾರಿಗಳು ಅಡ್ವಾನ್ಸ್ ಕೊಟ್ಟು ಉಳಿದದ್ದನ್ನು ತಿಂಗಳುಗಟ್ಟಲೆ ಎಳೆಯುತ್ತಾರೆ. ‘ಇನ್ನೊಂದೇ ಸಣ್ಣ ಬದಲಾವಣೆ’ ಎಂದು ಇಪ್ಪತ್ತು ಸಲ ಮಾಡಿಸುತ್ತಾರೆ. ಬರಹ, ಫೋಟೋ ಕೊಡದೆ ಸತಾಯಿಸಿ, ಕೊನೆಗೆ ತಡವಾಯಿತೆಂದು ಹಣ ಕತ್ತರಿಸುತ್ತಾರೆ. ಬೀಗದ ಕೈ ನಮ್ಮ ಹತ್ತಿರ ಇಲ್ಲದಿದ್ದರೆ ನಮಗೆ ಹಣ ಬರುವುದೇ ಇಲ್ಲ ಎಂಬುದು ಅವರ ವಾದ. ಕೂಲಿ ಸಿಗುವ ತನಕ ಕೆಲಸ ಹಿಡಿದಿಟ್ಟುಕೊಳ್ಳುವ ಹಕ್ಕು ಹಳೆಯದು. ಹೊಲಿಗೆಯವರು ತಾವು ಹೊಲಿದ ಬಟ್ಟೆಯನ್ನು ಕೂಲಿ ಬರುವ ತನಕ ಇಟ್ಟುಕೊಳ್ಳಬಹುದು ಎಂದು 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮೂ ಒಪ್ಪುತ್ತದೆ. ಹಾಗಾದರೆ ಪೂರ್ತಿ ಹಣ ಬರುವ ತನಕ ಕೋಡ್ ಒಪ್ಪಿಸಬೇಡಿ, ಸೈಟನ್ನು ಪರೀಕ್ಷಾ ವಿಳಾಸದಲ್ಲೇ ಇಡಿ, ಹಂತ ಹಂತವಾಗಿ ಹಣ ಕೇಳಿ. ಅದು ನ್ಯಾಯ. ಆದರೆ ಅಂಗಿ ಹೊಲಿದವರು ಅಂಗಿಯನ್ನು ಹಿಡಿದಿಟ್ಟುಕೊಳ್ಳಬಹುದೇ ಹೊರತು ಗಿರಾಕಿಯ ಮನೆಯ ಬೀಗದ ಕೈಯನ್ನಲ್ಲ. ಡೊಮೇನ್ ನಿಮ್ಮ ಕೈಕೆಲಸವಲ್ಲ, ಅದು ಗಿರಾಕಿಯ ಹೆಸರು.

ಊರಿಂದ ದೂರ ಇರುವ ಕನ್ನಡಿಗರಲ್ಲಿ ಒಂದು ಹೆಚ್ಚಿನ ಸಂಕೋಚವೂ ಇದೆ. ಸಂಘದ ಕಾರ್ಯಕ್ರಮದಲ್ಲಿ ಪರಿಚಯವಾದ ‘ನಮ್ಮೂರ ಹುಡುಗ’ನಿಗೆ ಕೆಲಸ ಕೊಡುತ್ತೇವೆ. ಕೊಡಬೇಕು. ಚೆನ್ನೈನಲ್ಲೋ ದೆಹಲಿಯಲ್ಲೋ ನಮ್ಮ ಮಾತು ಬಲ್ಲ, ನಮ್ಮ ಹಬ್ಬ ಬಲ್ಲ ಒಬ್ಬರು ಸಿಕ್ಕರೆ ಅರ್ಧ ಕೆಲಸ ಹಗುರ. ಆದರೆ ಊರಿನವ ಎಂಬ ಕಾರಣಕ್ಕೆ ಕಾಗದ ಕೇಳುವುದಿಲ್ಲ, ಕೇಳಿದರೆ ಅಪನಂಬಿಕೆ ಎಂದು ತಿಳಿದಾರು ಎಂಬ ಭಯ. ಊರಿನ ನಂಬಿಕೆಗೆ ಊರಿನಲ್ಲಿ ಸಾಕ್ಷಿಗಳಿದ್ದರು: ಪಕ್ಕದ ಮನೆಯವರು, ದೇವಸ್ಥಾನದ ಮೊಕ್ತೇಸರರು, ಹಿರಿಯರು. ಮಾತಿಗೆ ತಪ್ಪಿದರೆ ಮುಖ ತೋರಿಸಲಾಗುತ್ತಿರಲಿಲ್ಲ. ನಗರದಲ್ಲಿ ಆ ಸಾಕ್ಷಿಗಳಿಲ್ಲ. ಆ ಹುಡುಗನಿಗೆ ನಾಳೆ ಕಂಪನಿಯಲ್ಲಿ ಕೆಲಸ ಸಿಕ್ಕಿ ಹೋಗಬಹುದು, ಹೋಗಲಿ, ಅದು ಅವನ ಹಕ್ಕು. ನಿಮ್ಮ ವ್ಯಾಪಾರದ ಹೆಸರು ಅವನ ಹಳೆಯ ಇಮೇಲಿನಲ್ಲಿ ಸಿಕ್ಕಿಕೊಂಡಿರಬಾರದು ಅಷ್ಟೇ. ಒಂದು ಪುಟದ ಕಾಗದ ಇದ್ದರೆ ಅವನೂ ಬಿಡುಗಡೆಯಾಗುತ್ತಾನೆ, ನಿಮ್ಮ ಮನಸ್ಸಿನಲ್ಲೂ ಕಹಿ ಉಳಿಯುವುದಿಲ್ಲ. ನಂಬಿಕೆ ಕೆಡುವುದು ಕಾಗದದಿಂದಲ್ಲ, ಕಾಗದ ಇಲ್ಲದ್ದರಿಂದ ಹುಟ್ಟುವ ಜಗಳದಿಂದ.

ಆ ಒಂದು ಪುಟದಲ್ಲಿ ಏನಿರಬೇಕು? ಡೊಮೇನ್ ವ್ಯಾಪಾರಿಯ ಹೆಸರಿನಲ್ಲಿ, ವ್ಯಾಪಾರಿಯ ಇಮೇಲಿನಲ್ಲಿ ನೋಂದಣಿಯಾಗುತ್ತದೆ. ಆ ಇಮೇಲ್ ಅದೇ ಡೊಮೇನಿನದಾಗಿರಬಾರದು, ಹೆಸರು ಹೋದರೆ ಅದರೊಂದಿಗೇ ಹೋಗುತ್ತದೆ. ಹೋಸ್ಟಿಂಗ್ ಬಿಲ್ ವ್ಯಾಪಾರಿಯ ಕಾರ್ಡಿನಿಂದ ನೇರವಾಗಿ ಪಾವತಿಯಾಗುತ್ತದೆ. ಕೋಡ್ ಮತ್ತು ವಿನ್ಯಾಸದ ಹಕ್ಕು, ಪೂರ್ತಿ ಹಣ ಸಂದ ದಿನದಿಂದ, ಪೂರ್ಣ ಅವಧಿಗೆ, ಜಗತ್ತಿನಾದ್ಯಂತ ವರ್ಗವಾಗುತ್ತದೆ. ಗೂಗಲ್ ಪ್ರೊಫೈಲಿನ ಓನರ್ ವ್ಯಾಪಾರಿ. ಹಣ ಇಷ್ಟು ಹಂತದಲ್ಲಿ, ತಿದ್ದುಪಡಿ ಇಷ್ಟು ಸಲ, ಅದಕ್ಕಿಂತ ಹೆಚ್ಚಾದರೆ ಇಷ್ಟು ದರ. ಬೇರೆಯಾಗುವ ದಿನ ಎಲ್ಲ ಕಡತ, ಎಲ್ಲ ಪಾಸ್‌ವರ್ಡ್ ಇಷ್ಟು ದಿನದೊಳಗೆ ಒಪ್ಪಿಸಬೇಕು. ಇಬ್ಬರ ಸಹಿ. ಇಷ್ಟನ್ನು ಬೇಸರವಿಲ್ಲದೆ ಒಪ್ಪುವ ಡಿಸೈನರ್ ಹತ್ತು ಸಾವಿರ ಹೆಚ್ಚು ಕೇಳಿದರೂ ಕೊಡಿ. ‘ಎಲ್ಲ ನಾವೇ ನೋಡ್ಕೋತೀವಿ’ ಎಂದು ಉಚಿತವಾಗಿ ಮಾಡಿಕೊಡುವವರಿಗಿಂತ ಅವರೇ ಅಗ್ಗ.

ಈಗಾಗಲೇ ಸೈಟು ಇರುವವರಿಗೆ ಒಂದು ಕೆಲಸ ಇದೆ, ಐದು ನಿಮಿಷದ್ದು. ನಿಮ್ಮ ಡೊಮೇನ್ ಯಾವ ರಿಜಿಸ್ಟ್ರಾರ್ ಹತ್ತಿರ ಇದೆ, ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಐಕ್ಯಾನಿನ ಹುಡುಕು ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಣಿದಾರರ ಹೆಸರು ಖಾಸಗಿತನದ ಕಾರಣಕ್ಕೆ ಅಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಆದ್ದರಿಂದ ರಿಜಿಸ್ಟ್ರಾರ್ ಖಾತೆಗೆ ನೀವೇ ಲಾಗಿನ್ ಆಗಿ ನೋಡಬೇಕು. ಲಾಗಿನ್ ಆಗಲು ಬರದಿದ್ದರೆ, ಯಾವ ಖಾತೆ ಎಂದೇ ಗೊತ್ತಿಲ್ಲದಿದ್ದರೆ, ಡಿಸೈನರ್ ಜೊತೆ ಸಂಬಂಧ ಚೆನ್ನಾಗಿರುವಾಗಲೇ, ಚಹಾ ಕುಡಿಯುತ್ತ ಕುಳಿತಾಗಲೇ ಕೇಳಿ ವರ್ಗಾಯಿಸಿಕೊಳ್ಳಿ. ಜಗಳವಾದ ಮೇಲೆ ಕೇಳಿದರೆ ಆ ಸಾವಿರ ರೂಪಾಯಿಯ ಹೆಸರಿಗೆ ಬೆಲೆ ಕಟ್ಟುವವರು ಅವರಾಗಿರುತ್ತಾರೆ.